ಪ್ರೊಪೆಲರನ್ನು ಆರಿಸಬೇಕಾದದ್ದು ಕಿವಿಯೇ, ಅಳತೆಯೇ?

ಹುಲ್ಲು ಕತ್ತರಿಸುವ ಯಂತ್ರದ ಅಥವಾ ಮರ ಕೊಯ್ಯುವ ಗರಗಸದ ಹಳೆಯ ಪೆಟ್ರೋಲ್ ಎಂಜಿನ್ನನ್ನು ಮಾರ್ಪಡಿಸಿ ಮಾದರಿ ವಿಮಾನಕ್ಕೆ ಜೋಡಿಸುವುದು ಒಂದು ಸೊಗಸಾದ ಹವ್ಯಾಸ. ಇದರಲ್ಲಿ ತೊಡಗಿದ ತರುಣರು ಎಂಜಿನ್ನಿಗಾಗಿ ವಾರಗಟ್ಟಲೆ ಶ್ರಮಿಸುತ್ತಾರೆ. ಪ್ರೊಪೆಲರನ್ನು ಮಾತ್ರ ಯಾರೋ ಹೇಳಿದರೆಂದು ಗಳಿಗೆಯಲ್ಲಿ ಆರಿಸಿಬಿಡುತ್ತಾರೆ. ಎಂಜಿನ್ ಕಿರಿಚಿದಷ್ಟೂ ವಿಮಾನ ಚೆನ್ನಾಗಿ ಹಾರುವುದೆಂದು ನಂಬಿ ಚಿಕ್ಕ ಪ್ರೊಪೆಲರಿಗೆ ಮನಸೋಲುವವರೂ ಉಂಟು. ಈ ನಂಬಿಕೆ ಸರಿಯಲ್ಲವೆಂದು ನಾವು ಭಾವಿಸುತ್ತೇವೆ.

ಪ್ರೊಪೆಲರ್ ಮಾಡುವ ಕೆಲಸವಾದರೂ ಏನು? ಗಾಳಿಯನ್ನು ಹಿಂದಕ್ಕೆ ತಳ್ಳಿ ವಿಮಾನವನ್ನು ಮುಂದಕ್ಕೆ ನೂಕುವುದು. ನೂಕುಬಲವು ಗಾಳಿಗೆ ಕೊಟ್ಟ ವೇಗವನ್ನು ಅನುಸರಿಸಿದರೆ, ತಗಲುವ ಶಕ್ತಿಯು ಆ ವೇಗದ ವರ್ಗವನ್ನು ಅನುಸರಿಸುತ್ತದೆ. ಆದುದರಿಂದ ಸ್ವಲ್ಪ ಗಾಳಿಯನ್ನು ರಭಸದಿಂದ ಎಸೆಯುವುದಕ್ಕಿಂತ ಹೆಚ್ಚು ಗಾಳಿಯನ್ನು ಮೆಲ್ಲನೆ ತಳ್ಳುವುದೇ ಲಾಭಕರ. 1903ರಲ್ಲಿ ರೈಟ್ ಸಹೋದರರು ಸುಮಾರು 12 ಅಶ್ವಸಾಮರ್ಥ್ಯದ ಎಂಜಿನ್ನಿನಿಂದ ಎಂಟೂವರೆ ಅಡಿ ವ್ಯಾಸದ ಎರಡು ಪ್ರೊಪೆಲರುಗಳನ್ನು ಸರಪಣಿಗಳ ಮೂಲಕ ನಿಮಿಷಕ್ಕೆ ಸುಮಾರು 350 ಸುತ್ತಿನಂತೆ ನಿಧಾನವಾಗಿ ತಿರುಗಿಸಿದುದರ ಮರ್ಮವೂ ಇದೇ.

ಒಂದು ಲೆಕ್ಕವನ್ನು ನೋಡೋಣ. 16 ಅಂಗುಲ ವ್ಯಾಸ, 8 ಅಂಗುಲ ಪಿಚ್ ಇರುವ ಪ್ರೊಪೆಲರನ್ನು ಎಂಜಿನ್ನೊಂದು ನಿಮಿಷಕ್ಕೆ 8,500 ಸುತ್ತು ತಿರುಗಿಸುತ್ತದೆನ್ನೋಣ. ಪಿಚ್ ಎಂದರೆ, ತಿರುಪುಮೊಳೆಯು ಮರದೊಳಗೆ ಸಾಗುವಂತೆ, ಜಾರದಿದ್ದರೆ ಒಂದು ಸುತ್ತಿಗೆ ಪ್ರೊಪೆಲರ್ ಸಾಗಬಹುದಾದ ದೂರ. ಅದೇ ಆಕಾರದ 18 ಅಂಗುಲ ವ್ಯಾಸ, 9 ಅಂಗುಲ ಪಿಚ್ಚಿನದನ್ನು ಹಾಕಿದರೆ, ಎಂಜಿನ್ನಿನ ಸಾಮರ್ಥ್ಯ ಅಷ್ಟೇ ಉಳಿದಾಗ, ಸುತ್ತುಗಳು ಸುಮಾರು 7,000ಕ್ಕೆ ಇಳಿಯುತ್ತವೆ. ಆದರೆ ನಿಂತಲ್ಲಿನ ನೂಕುಬಲ ನೂರಕ್ಕೆ 8ರಷ್ಟು ಏರುತ್ತದೆ. ಸದ್ದು ತಗ್ಗಿತು, ಬಲ ಹೆಚ್ಚಿತು!

ಹಾಗಾದರೆ ದೊಡ್ಡದೇ ಸದಾ ಒಳ್ಳೆಯದೇ? ಅಲ್ಲ. ಸುತ್ತುಗಳು ಒಂದೇ ಆಗಿರುವಾಗ, ಬೇಕಾಗುವ ಸಾಮರ್ಥ್ಯವು ವ್ಯಾಸದ ಐದನೆಯ ಘಾತದಂತೆ ಬೆಳೆಯುತ್ತದೆ. ಅತಿಯಾದ ಹೊರೆಯಿಂದ ಎಂಜಿನ್ ಬಳಲಿ ಕಾಯುತ್ತದೆ. ನೆಲದ ಮೇಲೆ ಅಳೆದ ಬಲವನ್ನಷ್ಟೇ ನಂಬುವುದೂ ತಪ್ಪು. ಪಿಚ್ ತೀರ ಕಡಿಮೆಯಾದರೆ ವಿಮಾನವು ವೇಗ ಪಡೆದಂತೆಲ್ಲ ಆ ಬಲ ಕರಗುತ್ತದೆ. ಮೇಲಿನ ಎರಡು ಪ್ರೊಪೆಲರುಗಳ ಪಿಚ್ಚಿನ ವೇಗಗಳು ಗಂಟೆಗೆ ಸುಮಾರು 104 ಮತ್ತು 96 ಕಿಲೋಮೀಟರುಗಳು. ನಿಧಾನವಾಗಿ ಹಾರುವ ವಿಮಾನಕ್ಕೆ ಈ ಅಂತರ ನಷ್ಟವಲ್ಲ. ಓಟದ ವಿಮಾನಕ್ಕೆ ನಷ್ಟವೇ.

ಆದುದರಿಂದ ಎಂಜಿನ್ನಿನ ಬೆಲೆಯ ಜೊತೆಗೆ ಸುತ್ತುಗಳನ್ನೆಣಿಸುವ ಮಾಪಕಕ್ಕೂ ಒಂದು ಸ್ಪ್ರಿಂಗ್ ತಕ್ಕಡಿಗೂ ಸ್ವಲ್ಪ ಹಣವನ್ನು ತೆಗೆದಿಡಿರಿ. ಎರಡು ಮೂರು ಪ್ರೊಪೆಲರುಗಳನ್ನು ಪರೀಕ್ಷಿಸಿ ಅಂಕಿಗಳನ್ನು ಬರೆದಿಡಿರಿ. ಬಳಿಕ ಹಾರಿಸಿ ನೋಡಿರಿ.

ಒಂದು ಎಚ್ಚರಿಕೆ. ಇಂಥ ಪ್ರೊಪೆಲರಿನ ತುದಿ ಗಂಟೆಗೆ 600 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ. ಬಿರುಕುಬಿಟ್ಟ ಅಲಗನ್ನು ಅಂಟುಹಾಕಿ ಬಳಸಬೇಡಿರಿ. ತಿರುಗುವ ಅಲಗುಗಳ ನೇರಕ್ಕೆ ಯಾರೂ ನಿಲ್ಲಬಾರದು. ವಿಮಾನವನ್ನು ಭದ್ರವಾಗಿ ಕಟ್ಟಿಯೇ ಅಳೆಯಿರಿ. ತರಗತಿಯ ಲೆಕ್ಕ ತಪ್ಪಿದರೆ ಅಂಕ ಹೋಗುತ್ತದೆ. ಇಲ್ಲಿ ಎಚ್ಚರ ತಪ್ಪಿದರೆ ಬೆರಳೇ ಹೋದೀತು.