ಕುಂಬಾರನ ಕಣ್ಣೀರು

ಚಲಿಸುವ ಚಿತ್ರಕಥೆಯೆಂದರೆ ಮಕ್ಕಳ ವಿನೋದವೆಂಬ ಭಾವನೆ ಅನೇಕ ಮನೆಗಳಲ್ಲಿ ಬೇರೂರಿದೆ. ಜಪಾನಿನ ‘ಕ್ರೈಯಿಂಗ್ ಫ್ರೀಮನ್’ ಆ ಭಾವನೆಯನ್ನು ಅಳಿಸಿಹಾಕುತ್ತದೆ. ಕಜುವೊ ಕೊಯಿಕೆ ಬರೆದು ರ್ಯೋಇಚಿ ಇಕೆಗಾಮಿ ಚಿತ್ರಿಸಿದ, 1986ರಲ್ಲಿ ಆರಂಭವಾದ ಈ ಕಥೆಯನ್ನು ತೋಏ ಸಂಸ್ಥೆಯು 1988ರಿಂದ 1994ರ ವರೆಗೆ ಅನಿಮೆಯಾಗಿ ಹೊರತಂದಿತು. ಇದು ಮಕ್ಕಳು ನೋಡತಕ್ಕದ್ದಲ್ಲ. ಇಲ್ಲಿ ರಕ್ತಪಾತಕ್ಕೆ ಮಿತಿಯಿಲ್ಲ.

ನಾಯಕ ಯೋ ಹಿನೊಮುರ ಮಡಕೆಗಳನ್ನು ರೂಪಿಸುವ ಕಲಾವಿದ. ‘108 ಡ್ರ್ಯಾಗನ್‌ಗಳು’ ಎಂಬ ಚೀನೀ ಪಾತಕಿಗಳ ಕೂಟವು ಅವನ ಮನಸ್ಸನ್ನು ವಶೀಕರಿಸಿ ಅವನನ್ನು ಕೊಲೆಗಾರನನ್ನಾಗಿ ಮಾಡುತ್ತದೆ. ಅವನಿಗಿಟ್ಟ ಹೆಸರು ಫ್ರೀಮನ್, ಅರ್ಥಾತ್ ಸ್ವತಂತ್ರ ಪುರುಷ. ಪರಾಧೀನನಿಗೆ ಎಂತಹ ನಾಮಕರಣ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನ ಕೈಗೇ ದೊಣ್ಣೆ ಬಂದಿದೆ. ಕೈ ಆಜ್ಞೆಯನ್ನು ಮೀರದು. ಕಣ್ಣು ಮಾತ್ರ ವಶವಾಗದು. ಕೊಂದ ಬಳಿಕ ಅವನ ಕಣ್ಣಿನಿಂದ ನೀರು ಇಳಿಯುತ್ತದೆ. ಅದು ಮೊಸಳೆಯ ಕಣ್ಣೀರಲ್ಲ. ಅದನ್ನು ಕಂಡ ಚಿತ್ರಗಾರ್ತಿ ಎಮು ಹಿನೊ, ತನ್ನನ್ನೂ ಕೊಲ್ಲಬೇಕಾದವನಿಗೆ ಮನಸೋಲುತ್ತಾಳೆ.

ನೋಡುವವರೂ ಸೋಲುತ್ತಾರೆ. ಅಪಾಯವಿರುವುದು ಅಲ್ಲಿಯೇ. ಕೊಂದವನ ಅಳಲಿಗೆ ಮರುಗುವವರಿಗೆ ಸತ್ತವನ ಹೆಸರೂ ನೆನಪಿನಲ್ಲಿ ಉಳಿಯುವುದಿಲ್ಲ. ಅತ್ತವನೇ ಮುಂದೆ ಆ ಕೂಟದ ಒಡೆಯನಾಗುತ್ತಾನೆ, ಕೊಲೆಗಳು ನಿಲ್ಲುವುದಿಲ್ಲ. ಕಣ್ಣೀರು ಮನುಷ್ಯತ್ವದ ಕುರುಹೆಂಬುದು ನಿಜ. ಆದರೆ ಕೈಯನ್ನು ತಡೆಯದ ಕಣ್ಣೀರು ರಕ್ತವನ್ನು ತೊಳೆಯಲಾರದು.