ನಡುಗಡ್ಡೆಯವರನ್ನು ಯಾರ ಜೊತೆ ಎಣಿಸಬೇಕು?

2025ರ ಅಕ್ಟೋಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯವರು ಬಸವೇಶ್ವರನಗರದ ನಮ್ಮ ಮನೆಗೆ ಬಂದಾಗ ಅಮ್ಮಿ ಚಹಾವನ್ನೇನೋ ಕೊಟ್ಟರು, ಉತ್ತರ ಕೊಡಲು ಮಾತ್ರ ಹಿಂದೆಮುಂದೆ ನೋಡಿದರು. ಒಟ್ಟು 60 ಪ್ರಶ್ನೆ. "ಇದನ್ನೆಲ್ಲ ಆಮೇಲೆ ಯಾರು ನೋಡ್ತಾರೆ?" ಎಂದು ಕೇಳಿದರು. ಮಾಹಿತಿಯನ್ನು ಗೋಪ್ಯವಾಗಿಡಬೇಕು, ಉತ್ತರಿಸಲು ಯಾರನ್ನೂ ಒತ್ತಾಯಿಸಬಾರದು ಎಂದು ಹೈಕೋರ್ಟ್ ಸೆಪ್ಟೆಂಬರ್ 25ರಂದೇ ಹೇಳಿತ್ತು. ಅದನ್ನು ತಿಳಿಸಿದೆ. ಸ್ಟ್ಯಾಟಿಸ್ಟಿಕ್ಸ್ ಓದುವವನ ಜಂಬದಿಂದ ಇನ್ನೊಂದು ಮಾತೂ ಸೇರಿಸಿದೆ: 2011ರ ಜನಗಣತಿಯಲ್ಲಿ ಬಿಬಿಎಂಪಿಯ 198 ವಾರ್ಡ್‌ಗಳಲ್ಲಿ 84 ಲಕ್ಷ ಜನರಿದ್ದರು, ಅಂದರೆ ವಾರ್ಡಿಗೆ ಸರಾಸರಿ 42 ಸಾವಿರ. ಅಷ್ಟು ಜನರ ಕೋಷ್ಟಕದಲ್ಲಿ ನಮ್ಮ ಮನೆಯನ್ನು ಯಾರೂ ಹುಡುಕಲಾರರು.

ಈ ಸಮಾಧಾನ ಎಲ್ಲರಿಗೂ ಇಲ್ಲ. ರಾಯಚೂರು ಜಿಲ್ಲೆಯಲ್ಲಿ ಕೃಷ್ಣಾ ನದಿಯ ನಡುವೆ ಕರಕಲಗಡ್ಡಿ, ಮಾದರಗಡ್ಡಿ, ಕುರ್ವಕುಲ, ಕುರ್ವಕುರ್ದದಂಥ ನಡುಗಡ್ಡೆಗಳಿವೆ. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಅಲ್ಲಿಯವರ ದಾರಿ ಮುಚ್ಚುತ್ತದೆ. ಕೆಲವು ಗಡ್ಡೆಗಳಲ್ಲಿರುವುದು ಬೆರಳೆಣಿಕೆಯ ಕುಟುಂಬಗಳು. ಅಂಥ ಒಂದು ಜಾಗಕ್ಕೇ ಪ್ರತ್ಯೇಕ ಕೋಷ್ಟಕ ಮಾಡಿ, ಅದರಲ್ಲಿ 'ವಿಧವೆಯರು 1', 'ಅಂಗವಿಕಲರು 1' ಎಂದು ಬರೆದರೆ ಹೆಸರು ಬೇರೆ ಬರೆಯಬೇಕೇ? 1948ರ ಜನಗಣತಿ ಕಾಯ್ದೆಯ 15ನೇ ಕಲಂ ನಾವು ತುಂಬಿಸಿದ ನಮೂನೆಯನ್ನು ಯಾರೂ ನೋಡದಂತೆ ಕಾಯುತ್ತದೆ, ನ್ಯಾಯಾಲಯದಲ್ಲೂ ಅದು ಸಾಕ್ಷ್ಯವಾಗುವುದಿಲ್ಲ. ಆದರೆ ಗುಟ್ಟು ಸೋರುವುದು ಬೀಗ ಹಾಕಿದ ನಮೂನೆಯಿಂದಲ್ಲ, ಎಲ್ಲರೂ ಓದುವ ಕೋಷ್ಟಕದಿಂದ. ಲಕ್ಷದ್ವೀಪದ ಬಿತ್ರಾದಲ್ಲಿ 2011ರಲ್ಲಿ ಇದ್ದವರು 271 ಜನ. ನಮ್ಮ ಕಾಲೇಜಿನ ನಾಲ್ಕೈದು ಸೆಕ್ಷನ್ ಸೇರಿದರೆ ಅಷ್ಟಾಗುತ್ತದೆ. ನಮ್ಮಲ್ಲಿ ಯಾರು ಯಾರೆಂದು ನಮಗೆ ಗೊತ್ತಿಲ್ಲವೇ?

ಹಾಗಾದರೆ ಸಣ್ಣ ಗಡ್ಡೆಗಳನ್ನು ಬೇರೆ ಊರಿನ ಜೊತೆ ಸೇರಿಸಿಬಿಡಿ ಎನ್ನಬಹುದು. ಸೇರಿಸಲೇಬೇಕು, ಆದರೆ ಯಾವುದರ ಜೊತೆ ಎಂಬುದೇ ನನ್ನ ತಕರಾರು. ಹಳ್ಳಿಗಾಡಿನಲ್ಲಿ ಜನಗಣತಿಯ ಲೆಕ್ಕ ನಡೆಯುವುದು ಕಂದಾಯ ಗ್ರಾಮದ ಹೆಸರಿನಲ್ಲಿ. ಗಡ್ಡೆಗೆ ಕಂದಾಯ ಗ್ರಾಮದ ಪಟ್ಟವಿಲ್ಲದಿದ್ದರೆ ಅದರ ಜನ ದಡದ ಊರಿನ ಸಾಲಿನಲ್ಲೇ ಸೇರಿಹೋಗುತ್ತಾರೆ. ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಆ ಊರಿಗೆ ಶಾಲೆ ಇದೆ, ಬಸ್ ಇದೆ ಎಂದು ಬರೆದಿರುತ್ತದೆ. ಅದು ಸುಳ್ಳಲ್ಲ. ಆದರೆ ನದಿ ದಾಟಿ ಆ ಬಸ್ ಹತ್ತಬೇಕಾದ ಹುಡುಗಿ ಆ ಸಾಲಿನಲ್ಲಿ ಎಲ್ಲಿದ್ದಾಳೆ? ಖಾಸಗಿತನ ಉಳಿಯಿತು, ಅವಳಿಗೆ ಬೇಕಾದ ಸೇತುವೆ ಅಳಿಸಿಹೋಯಿತು. ಭಾಷೆಗಳ ವಿಷಯದಲ್ಲೂ ಹೀಗೇ ಆಗಿದೆ. 10 ಸಾವಿರಕ್ಕಿಂತ ಕಡಿಮೆ ಜನ ಆಡುವ ಮಾತುಗಳನ್ನು ಜನಗಣತಿ ಬೇರೆಯಾಗಿ ತೋರಿಸುವುದಿಲ್ಲ, 'ಇತರೆ' ಎನ್ನುವ ಚೀಲಕ್ಕೆ ಹಾಕುತ್ತದೆ. ಆ ಚೀಲದಲ್ಲಿ ಏನೇನಿದೆ ಎಂದು ಬಿಚ್ಚಿ ನೋಡುವವರು ಕಡಿಮೆ.

ಗಡ್ಡೆಯನ್ನು ಗಡ್ಡೆಯ ಜೊತೆಗೇ ಸೇರಿಸಿ ಎನ್ನುತ್ತೇನೆ ನಾನು. ಲಿಂಗಸುಗೂರು, ರಾಯಚೂರು ತಾಲ್ಲೂಕುಗಳ ನಡುಗಡ್ಡೆಗಳೆಲ್ಲ ಒಂದು ಗುಂಪಾಗಲಿ. ವಯಸ್ಸು, ಧರ್ಮ, ಜಾತಿ, ಅಂಗವೈಕಲ್ಯ ಆ ಗುಂಪಿನ ಮೊತ್ತವಾಗಿ ಮಾತ್ರ ಪ್ರಕಟವಾಗಲಿ. ಶಾಲೆ, ಕುಡಿಯುವ ನೀರು, ಎಷ್ಟು ದಿನ ದಾರಿ ಬಂದ್ ಎಂಬುದು ಒಂದೊಂದು ಗಡ್ಡೆಗೂ ಬೇರೆಬೇರೆ ಬರಲಿ, ಏಕೆಂದರೆ ಅವು ಯಾರ ಮನೆಯ ಗುಟ್ಟೂ ಅಲ್ಲ. 2018ರಲ್ಲಿ ದ್ವೀಪಗಳಿಗಾಗಿಯೇ ಕಾಯ್ದೆ ಮಾಡಿದ ಸ್ಕಾಟ್ಲೆಂಡ್‌ನಲ್ಲೂ ಚಿಕ್ಕ ದ್ವೀಪಗಳನ್ನು ನೆರೆಯ ದ್ವೀಪಗಳ ಜೊತೆ ಸೇರಿಸಿಯೇ ಅಂಕಿಅಂಶ ಕೊಡುತ್ತಾರೆ. ಗುಂಪು ಮಾಡಿದರೆ ಒಂದು ಗಡ್ಡೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಸ್ವಲ್ಪ ಮಾಸುತ್ತದೆ, ನಿಜ. ದಡದ ಊರಿನಲ್ಲಿ ಪೂರ್ತಿ ಮುಳುಗುವುದಕ್ಕಿಂತ ಅದು ವಾಸಿ.

ಮುಂದಿನ ಜನಗಣತಿಯಲ್ಲಿ ಜನರ ಎಣಿಕೆ 2027ರ ಫೆಬ್ರವರಿಯಲ್ಲಿ. ಈ ಸಲ ಜಾತಿಯೂ ಸೇರುವುದರಿಂದ ಸಣ್ಣ ಊರಿನ ಕೋಷ್ಟಕದಲ್ಲಿ '1' ಎಂಬ ಅಂಕಿ ಇನ್ನೂ ಹೆಚ್ಚು ಸಲ ಬರಬಹುದು. ಗ್ರಾಮಗಳ ಗಡಿಯನ್ನು 2025ರ ಡಿಸೆಂಬರ್ 31ಕ್ಕೇ ಸ್ಥಗಿತಗೊಳಿಸಿದ್ದಾರೆ, ಹಾಗಾಗಿ ಈಗ ಹೊಸ ಕಂದಾಯ ಗ್ರಾಮ ಕೇಳಿ ಪ್ರಯೋಜನವಿಲ್ಲ. ಕೋಷ್ಟಕದ ಗೆರೆಗಳನ್ನು ಎಳೆಯುವುದು ಎಣಿಕೆ ಮುಗಿದ ಮೇಲೆ.