ಗೇಟಿನಲ್ಲಿ ಓಲೆ ಬಿಚ್ಚಿಸುವ ನ್ಯಾಯ

2019ರ ಮೇ 5, ಭಾನುವಾರ. ಉತ್ತರ ಕರ್ನಾಟಕದಿಂದ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಬರೆಯಲು ಹೊರಟ ನೂರಾರು ಮಕ್ಕಳು ಹಂಪಿ ಎಕ್ಸ್‌ಪ್ರೆಸ್‌ನಲ್ಲಿದ್ದರು. ಬೆಳಗ್ಗೆ ಬೆಂಗಳೂರು ಮುಟ್ಟಬೇಕಿದ್ದ ರೈಲು ಮಧ್ಯಾಹ್ನ ಎರಡೂವರೆ ಹೊತ್ತಿಗೆ ಬಂತು. ಪರೀಕ್ಷೆ ಎರಡು ಗಂಟೆಗೆ, ಕೇಂದ್ರದ ಗೇಟು ಮುಚ್ಚಿದ್ದು ಒಂದೂವರೆಗೆ. ರೈಲಿನಲ್ಲೇ ಕೂತು ಮಕ್ಕಳು ಮಂತ್ರಿಗಳಿಗೆ ಟ್ವೀಟ್ ಮಾಡಿ ಅಂಗಲಾಚಿದರು. ಊರೆಲ್ಲ ಗಲಾಟೆಯಾದ ಮೇಲೆ ಮೇ 20ಕ್ಕೆ ಮತ್ತೊಂದು ಅವಕಾಶ ಸಿಕ್ಕಿತು.

ರೈಲಿನ ತಪ್ಪು ಎಂದು ಇದನ್ನು ಮರೆಯುವುದು ಸುಲಭ. ಆದರೆ ಬಳ್ಳಾರಿಯ ಹುಡುಗಿ ರಾತ್ರಿಯಿಡೀ ನಿದ್ದೆಗೆಟ್ಟು ಮುನ್ನೂರು ಕಿಲೋಮೀಟರ್ ಆಚೆ ಬಂದು ಯಾಕೆ ಬರೆಯಬೇಕು? ಬೆಂಗಳೂರಿನ ಅನುಕೂಲಸ್ಥರ ಮನೆಯ ಹುಡುಗ ಅವತ್ತು ಹೊಟ್ಟೆ ತುಂಬ ಉಂಡು, ಅಪ್ಪನ ಕಾರಿನಿಂದ ಗೇಟಿನ ಮುಂದೆಯೇ ಇಳಿದ. ಇಬ್ಬರಿಗೂ 180 ಪ್ರಶ್ನೆ, ಮೂರು ಗಂಟೆ, ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಇದನ್ನೇ ಸಮಾನತೆ ಎಂದು ನಮಗೆ ಒಪ್ಪಿಸುತ್ತಾ ಬಂದಿದ್ದಾರೆ. ನಾನು ಒಪ್ಪುವುದಿಲ್ಲ.

ಪರೀಕ್ಷೆ ಶುದ್ಧವಾಗಿರಲಿ ಎಂದು ಗೇಟಿನಲ್ಲಿ ಏನೇನು ಮಾಡುತ್ತಾರೆ ನೋಡಿ. ತುಂಬುತೋಳಿನ ಅಂಗಿಯ ತೋಳಿಗೆ ಕತ್ತರಿ ಹಾಕುತ್ತಾರೆ. ಓಲೆ, ಮೂಗುತಿ, ಬಳೆ ಬಿಚ್ಚಿಸುತ್ತಾರೆ. ಮೂಗುತಿ ಬಿಗಿಯಾಗಿ ಕೂತಿದ್ದರೆ ಆ ಹುಡುಗಿಯ ತಾಯಿ ಬೇಲಿಯ ಆಚೆಯಿಂದ ಕೈ ಚಾಚಿ, ಸೋಪಿನ ನೀರು ಹಚ್ಚಿ ತೆಗೆಯಬೇಕು. ಕೇರಳದ ಕಣ್ಣೂರಿನಲ್ಲಿ 2017ರಲ್ಲಿ, ಕೊಲ್ಲಂ ಜಿಲ್ಲೆಯಲ್ಲಿ 2022ರಲ್ಲಿ ಹುಡುಗಿಯರ ಒಳಉಡುಪು ತೆಗೆಸಿದ ದೂರುಗಳೇ ಬಂದವು. ಮಕ್ಕಳ ಮೈಯನ್ನು ಇಷ್ಟು ಜಾಲಾಡುವ ವ್ಯವಸ್ಥೆಗೆ ತನ್ನ ಪ್ರಶ್ನೆಪತ್ರಿಕೆಯ ಪೆಟ್ಟಿಗೆ ಕಾಯಲಾಗಲಿಲ್ಲ. 2024ರಲ್ಲಿ ಹಜಾರಿಬಾಗ್‌ನಿಂದ, ಪಟ್ನಾದಿಂದ ಸೋರಿಕೆಯ ಸುದ್ದಿ ಬಂತು. ಮೊದಲ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂತು. 1563 ಮಂದಿಗೆ ಕೃಪಾಂಕ ಕೊಟ್ಟು, ಆಮೇಲೆ ವಾಪಸ್ ಪಡೆದರು. ಸೋರಿಕೆ ನಿಜ, ಆದರೆ ಇಡೀ ಪರೀಕ್ಷೆಯೇ ಕೆಟ್ಟಿದೆ ಎನ್ನಲು ಆಧಾರ ಸಾಲದು ಎಂದ ಸುಪ್ರೀಂ ಕೋರ್ಟ್ ಜುಲೈ 23ರಂದು ಮರುಪರೀಕ್ಷೆಯನ್ನು ನಿರಾಕರಿಸಿತು.

ಸೋರಿಕೆ ಕಳ್ಳರ ಕೆಲಸ, ಕಳ್ಳರನ್ನು ಹಿಡಿಯಬಹುದು. ನನ್ನ ಸಿಟ್ಟು ಕಾನೂನಿನ ಮೊಹರು ಒತ್ತಿಸಿಕೊಂಡು ಹಗಲಲ್ಲೇ ನಡೆಯುವ ವಂಚನೆಯ ಮೇಲೆ.

ಕಾಲೇಜಿನ ಬಾಗಿಲಲ್ಲಿ ಯಾರನ್ನು ಒಳಗೆ ಬಿಡಬೇಕು ಎಂಬ ಜಗಳ ನಮ್ಮ ನೆಲದಲ್ಲಿ ಹಳೆಯದು. 1962ರ ಬಾಲಾಜಿ ಮೊಕದ್ದಮೆ, 1964ರ ಚಿತ್ರಲೇಖಾ ಮೊಕದ್ದಮೆ ಎರಡೂ ಮೈಸೂರು ರಾಜ್ಯದ ಮೆಡಿಕಲ್, ಇಂಜಿನಿಯರಿಂಗ್ ಸೀಟುಗಳ ಮೇಲೆ ನಡೆದವು. ಆಗ ಸಂದರ್ಶನಕ್ಕೂ ಅಂಕವಿತ್ತು. ಮೇಜಿನ ಆಚೆ ಕೂತವರಿಗೆ ಯಾರ ಮನೆಯ ಮಕ್ಕಳ ನಡೆ ನುಡಿ ಹಿಡಿಸುತ್ತಿತ್ತು ಎಂಬುದನ್ನು ಊರಾಚೆಯ ಕೇರಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಮೇಲೆ ಬಂದದ್ದು ಡೊನೇಷನ್ ಕಾಲ. 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ಕಾಯ್ದೆ ಮಾಡಿದ ರಾಜ್ಯವೇ 1989ರಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ದರಪಟ್ಟಿ ಬರೆದುಕೊಟ್ಟಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000. ತುಮಕೂರಿನ ಕಾಲೇಜಿನಲ್ಲಿ ಆ ಮೊತ್ತ ಕಟ್ಟಲಾಗದ ಮೀರತ್‌ನ ಮೋಹಿನಿ ಜೈನ್ ಕೋರ್ಟಿಗೆ ಹೋದರು. 1992ರಲ್ಲಿ ಆ ಮೊಕದ್ದಮೆಯ ತೀರ್ಪು, 1993ರಲ್ಲಿ ಉನ್ನಿಕೃಷ್ಣನ್ ತೀರ್ಪು, ಅದರ ಬೆನ್ನಿಗೇ 1994ರಲ್ಲಿ ನಮ್ಮ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ಸಿಇಟಿ.

ಸಿಇಟಿಯನ್ನು ನಾನು ಕಡೆಗಣಿಸುವುದಿಲ್ಲ. ರ್‍ಯಾಂಕ್ ಪಟ್ಟಿ ಕೈಯಲ್ಲಿ ಹಿಡಿದು, ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದ ಅಪ್ಪಂದಿರು ಮಲ್ಲೇಶ್ವರದ ಸಿಇಟಿ ಸೆಲ್ ಮುಂದೆ ಸಾಲುಗಟ್ಟಿ ನಿಂತಿದ್ದರಲ್ಲ, ಅವರಲ್ಲಿ ಎಷ್ಟೋ ಜನ ಯಾವ ಸ್ವಾಮೀಜಿಯ ಶಿಫಾರಸೂ ಇಲ್ಲದೆ, ಯಾವ ಟ್ರಸ್ಟಿಯ ಕಾಲೂ ಹಿಡಿಯದೆ ಸೀಟು ತೆಗೆದುಕೊಂಡು ಊರಿಗೆ ಹೋದರು. ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಕನ್ನಡದಲ್ಲಿ ರೋಗಿಯ ಕಷ್ಟ ಕೇಳುವ ಎಷ್ಟೋ ವೈದ್ಯರು ಆ ಬಾಗಿಲಿಂದ ಬಂದವರು. ಖಾಸಗಿ ಕಾಲೇಜುಗಳ ಆಡಳಿತ ಮಂಡಳಿಗಳಿಗೆ ಅದನ್ನು ಸಹಿಸಲಾಗಲಿಲ್ಲ. 2002ರ ಟಿ.ಎಂ.ಎ. ಪೈ ತೀರ್ಪು ಅವರ ಕೈಗೆ ಹಿಡಿತ ಮರಳಿಸಿತು, ಖಾಸಗಿ ಕಾಲೇಜುಗಳದ್ದೇ ಪರೀಕ್ಷೆಯಾದ ಕಾಮೆಡ್‌ಕೆ ಬಂತು, ಬಾಗಿಲು ಮತ್ತೆ ಕಿರಿದಾಯಿತು.

ಅದರ ಮೇಲೆ ನೀಟ್. 2013ರಲ್ಲಿ ಸುಪ್ರೀಂ ಕೋರ್ಟೇ ರದ್ದು ಮಾಡಿ, 2016ರಲ್ಲಿ ತನ್ನ ಆದೇಶವನ್ನು ತಾನೇ ಹಿಂದಕ್ಕೆ ಪಡೆದ ಪರೀಕ್ಷೆ ಇದು. 2017ರ ಪರೀಕ್ಷೆಗೆ ದೆಹಲಿ ಮೊದಲು ಪ್ರಕಟಿಸಿದ ಭಾಷೆಗಳಲ್ಲಿ ಕನ್ನಡವೇ ಇರಲಿಲ್ಲ. ಕೂಗಾಡಿದ ಮೇಲೆ ಸೇರಿಸಿದರು. ಸೇರಿಸಿ ಆಯಿತೇನು? ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಮಗುವಿಗೆ ಪಿಯು ವಿಜ್ಞಾನವನ್ನು ಕಲಿಸುವುದು ಇಂಗ್ಲಿಷಿನಲ್ಲಿ. ಪಿಯು ವಿಜ್ಞಾನವನ್ನು ಕಲಿಯದ ಭಾಷೆಯ ಪ್ರಶ್ನೆಪತ್ರಿಕೆಯಿಂದ ಆ ಮಗುವಿಗೆ ಏನು ಪ್ರಯೋಜನ?

ನೀಟ್ ಬಂದರೆ ಡೊನೇಷನ್ ದಂಧೆ ನಿಲ್ಲುತ್ತದೆ, ಪ್ರತಿಭೆಗೆ ಬೆಲೆ ಬರುತ್ತದೆ ಎಂದರು. ಲೆಕ್ಕ ನೋಡೋಣ. 2023ರಲ್ಲಿ ಸಾಮಾನ್ಯ ವರ್ಗದ ಅಭ್ಯರ್ಥಿ ಅರ್ಹನಾಗಲು ಬೇಕಿದ್ದದ್ದು 720ಕ್ಕೆ 137 ಅಂಕ. ಅದಕ್ಕಿಂತ ಮೂರು ಪಟ್ಟು ಹೆಚ್ಚು ಅಂಕ ತೆಗೆದ ಕೂಲಿಕಾರನ ಮಗಳಿಗೆ ಸರ್ಕಾರಿ ಕಾಲೇಜಿನ ಸೀಟು ತಪ್ಪಿದರೆ ಮನೆಯೇ ಗತಿ, ಯಾಕೆಂದರೆ ಖಾಸಗಿ ಕೋಟಾದ ಶುಲ್ಕ ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ. ನೂರೈವತ್ತು ಅಂಕದ ಧನಿಕನ ಮಗನಿಗೆ ಎನ್‌ಆರ್‌ಐ ಸೀಟು ಕಾದಿರುತ್ತದೆ. ಸ್ನಾತಕೋತ್ತರ ನೀಟ್‌ನಲ್ಲಂತೂ 2023ರಲ್ಲಿ ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಿದರು. ಮೈನಸ್ ಅಂಕ ಬಂದವರೂ ಅರ್ಹರಾದರು, ಸೀಟು ಖಾಲಿ ಉಳಿಯಬಾರದೆಂದು! ಮೀಸಲಾತಿಯ ಹುಡುಗ ನಾಲ್ಕು ಅಂಕ ಕಡಿಮೆ ತೆಗೆದರೆ ‘ಇವನ ಕೈಯಲ್ಲಿ ಆಪರೇಷನ್ ಮಾಡಿಸಿಕೊಳ್ಳಬೇಕಾ’ ಎಂದು ಕೇಳುವ ನಾಲಿಗೆಗಳು ಅವತ್ತು ಎಲ್ಲಿದ್ದವು?

ಪ್ರತಿಭೆಯನ್ನು ಈಗ ಎರಡು ಸಲ ಮಾರುತ್ತಾರೆ. ಪರೀಕ್ಷೆಯ ನಂತರ ಮ್ಯಾನೇಜ್‌ಮೆಂಟ್ ಕೋಟಾ, ಪರೀಕ್ಷೆಗೆ ಮೊದಲು ಕೋಚಿಂಗ್. ಪಿಯು ಕಾಲೇಜು, ಹಾಸ್ಟೆಲ್, ನೀಟ್ ಕೋಚಿಂಗ್ ಒಟ್ಟಿಗೇ ಮಾರುವ ಸಂಸ್ಥೆಗಳು ವರ್ಷಕ್ಕೆ ಲಕ್ಷಗಟ್ಟಲೆ ವಸೂಲಿ ಮಾಡುತ್ತವೆ. ಮೊದಲ ಸಲ ಸೀಟು ಸಿಗದಿದ್ದರೆ ‘ಲಾಂಗ್ ಟರ್ಮ್’, ಅಂದರೆ ಇನ್ನೊಂದು ವರ್ಷ, ಇನ್ನೊಂದು ಲಕ್ಷ. ಹೊಲ ಅಡ ಇಟ್ಟು ಒಂದು ವರ್ಷ ಕಟ್ಟಿದವನು ಎರಡನೇ ವರ್ಷಕ್ಕೆ ಏನನ್ನು ಅಡ ಇಡಬೇಕು?

ಈಗ ಹೋಬಳಿಯ ಸರ್ಕಾರಿ ಪಿಯು ಕಾಲೇಜಿಗೆ ಬನ್ನಿ. ಭೌತಶಾಸ್ತ್ರದ ಕಾಯಂ ಹುದ್ದೆ ಖಾಲಿ. ಜೂನ್‌ನಲ್ಲಿ ಶುರುವಾದ ತರಗತಿಗೆ ಅತಿಥಿ ಉಪನ್ಯಾಸಕರ ನೇಮಕಾತಿ ಆದೇಶ ಬರುವುದು ತಿಂಗಳುಗಳು ಕಳೆದ ಮೇಲೆ. ಲ್ಯಾಬಿನ ಬೀಗದ ಕೈ ಅಟೆಂಡರ್ ಹತ್ತಿರ, ಒಳಗಿನ ಗಾಜಿನ ಬ್ಯುರೆಟ್‌ಗಳ ಮೇಲೆ ಧೂಳು. ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯವರೆಗೆ ಊರಿಗೆ ಬೇರೆ ಬಸ್ಸಿಲ್ಲ, ಹಾಗಾಗಿ ಕೊನೆಯ ಪೀರಿಯಡ್ಡಿಗೆ ಅರ್ಧ ಬೆಂಚು ಖಾಲಿ. ಅಲ್ಲಿ ಕೂತ ಹುಡುಗಿ ಪಿಯುಸಿಯಲ್ಲಿ ತೊಂಬತ್ತು ಪರ್ಸೆಂಟ್ ತೆಗೆದರೂ ವೈದ್ಯಕೀಯ ಸೀಟಿನ ಲೆಕ್ಕದಲ್ಲಿ ಆ ಅಂಕಕ್ಕೆ ಕಿಮ್ಮತ್ತಿಲ್ಲ. ಇಂಜಿನಿಯರಿಂಗ್‌ಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ವೈದ್ಯಕೀಯಕ್ಕೆ ಎರಡು ವರ್ಷದ ಓದು ಯಾಕೆ ಬೇಡವಾಯಿತು?

2024ರ ಜುಲೈನಲ್ಲಿ ನಮ್ಮ ವಿಧಾನಮಂಡಲ ನೀಟ್ ಬೇಡ ಎಂದು ನಿರ್ಣಯ ಮಾಡಿತು. ನಿರ್ಣಯ ಸರಿಯಾದದ್ದೇ. ಆದರೆ ಅದೇ ವರ್ಷ ಏಪ್ರಿಲ್‌ನಲ್ಲಿ ನಡೆದ ನಮ್ಮದೇ ಸಿಇಟಿಯಲ್ಲಿ ಪಠ್ಯದಲ್ಲೇ ಇಲ್ಲದ ಪ್ರಶ್ನೆಗಳು ಬಂದು, ಐವತ್ತು ಪ್ರಶ್ನೆಗಳನ್ನು ಲೆಕ್ಕದಿಂದಲೇ ಕೈಬಿಡಬೇಕಾಯಿತು. ಪಠ್ಯಪುಸ್ತಕವನ್ನೇ ನಂಬಿ ಓದಿದ ಮಗು ಪರೀಕ್ಷಾ ಕೊಠಡಿಯಲ್ಲಿ ಕಂಗಾಲಾಗಿ ಕಳೆದುಕೊಂಡ ಆ ನಿಮಿಷಗಳನ್ನು ಯಾವ ತಜ್ಞರ ಸಮಿತಿ ಹಿಂತಿರುಗಿಸುತ್ತದೆ?

ತಮಿಳುನಾಡು ದೆಹಲಿಯ ಜೊತೆ ಜಗಳವಾಡುತ್ತಲೇ 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ 7.5 ಪರ್ಸೆಂಟ್ ಒಳಮೀಸಲಾತಿ ತಂದಿತು. ನೀಟ್ ಇದ್ದೂ ತಂದಿತು. ನಮ್ಮಲ್ಲಿ ಗ್ರಾಮೀಣ ಕೋಟಾ 15, ಕನ್ನಡ ಮಾಧ್ಯಮ ಕೋಟಾ 5 ಇವೆ, ಅವು ಇರಲಿ. ಸರ್ಕಾರಿ ಪಿಯು ಕಾಲೇಜಿನ ಬೆಂಚಿನಿಂದ ಎದ್ದುಬಂದ ಮಗುವಿಗೆ ಅದರದ್ದೇ ಪಾಲು ಕೊಡಿ. ಪ್ರತಿ ವರ್ಷ ಮೆಡಿಕಲ್ ಸೀಟು ಪಡೆದವರಲ್ಲಿ ಸರ್ಕಾರಿ ಕಾಲೇಜಿನವರು ಎಷ್ಟು, ರಿಪೀಟರ್‌ಗಳು ಎಷ್ಟು, ಯಾವ ಜಿಲ್ಲೆಯವರು ಎಷ್ಟು, ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಖಾಲಿ ಬಿದ್ದ ಉಪನ್ಯಾಸಕರ ಹುದ್ದೆಗಳನ್ನು ಜೂನ್‌ಗೆ ಮೊದಲು ತುಂಬಿ, ಲ್ಯಾಬಿನ ಬೀಗ ತೆಗೆಸಿ. ಈ ಹುದ್ದೆ ತುಂಬಲು, ಈ ಬೀಗ ತೆಗೆಯಲು ಸುಪ್ರೀಂ ಕೋರ್ಟಿನ ಅಪ್ಪಣೆ ಬೇಕಿಲ್ಲ, ರಾಷ್ಟ್ರಪತಿಗಳ ಅಂಕಿತವೂ ಬೇಕಿಲ್ಲ.